ಉಳಿ ಹಿಡಿದ ಕೈಯೂ ಓದಿದ ಕೈಯೇ



ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ನೀರಿನ ಮಡಿ ಹೋಯಿತು, ಅಡುಗೆಮನೆಯ ಮಡಿಯೂ ಬಹುಮಟ್ಟಿಗೆ ಹೋಯಿತು. ಉಪಕರಣದ ಮಡಿ ಮಾತ್ರ ಹೋಗಲಿಲ್ಲ. ಲೇಖನಿ ಹಿಡಿದ ಕೈ ಶುದ್ಧ, ಉಳಿ ಹಿಡಿದ ಕೈ ಮೈಲಿಗೆ ಎಂಬ ಭಾವನೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದರೂ, ಅದು ನಮ್ಮ ನಡುಮನೆಗಳಲ್ಲಿ ಇನ್ನೂ ಕಾಲುಚಾಚಿ ಕುಳಿತಿದೆ. ಲೇಖನಿಯ ಸ್ಥಾನಕ್ಕೆ ಕಂಪ್ಯೂಟರಿನ ಕೀಲಿಮಣೆ ಬಂದಿದೆ, ಅಷ್ಟೇ ವ್ಯತ್ಯಾಸ. ಈ ಮಡಿಯನ್ನು ಕುರಿತು ಇಂದು ಸ್ವಲ್ಪ ಕಟುವಾಗಿಯೇ ಬರೆಯಬೇಕೆಂದಿದ್ದೇನೆ. ಬೇಸರವಾಗುವವರು ಮುಂದಿನ ವಾರ ಬರಬಹುದು.

ಕಾರಣವುಂಟು. ನಮ್ಮ ಬಂಧುವರ್ಗದ ಒಬ್ಬ ಹೆಣ್ಣುಮಗಳು (ಹೆಸರು ಬೇಡ, ತಿಳಿಯಬೇಕಾದವರಿಗೆ ತಿಳಿಯುತ್ತದೆ) ಕಂಪ್ಯೂಟರ್ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದಾಳೆ. ಹತ್ತು ತಿಂಗಳ ಶನಿವಾರ, ಭಾನುವಾರಗಳನ್ನು ತಂದೆಯ ಕಾರು ಷೆಡ್ಡಿನಲ್ಲಿ ಕಳೆದು, ಒಂದು ಎಲೆಕ್ಟ್ರಿಕ್ ಬಾಸ್ ಗಿಟಾರನ್ನು ತನ್ನ ಕೈಯಾರೆ ಕಟ್ಟಿದಳು. ಕೆಡವಿದ ಹಳೆಯ ಮನೆಯ ಹಲಸಿನ ಬಾಗಿಲ ಹಲಗೆಗಳು ಅದರ ಒಡಲಾದವು. ಮುತ್ತಜ್ಜಿಯ ಕಾಲದ ಮಂಚದ ಬೀಟೆಯ ಪಟ್ಟಿ ಬೆರಳಾಡುವ ಹಲಗೆಯಾಯಿತು. ವಾದ್ಯ ನುಡಿಯಿತು, ಚೆನ್ನಾಗಿಯೇ ನುಡಿಯಿತು. ಆದರೆ ವರನ ಕಡೆಯವರು ಬರುವ ದಿನ ಗೊತ್ತಾದಾಗ ನಮ್ಮ ಹಿರಿಯರೊಬ್ಬರು ಅಪ್ಪಣೆ ಕೊಡಿಸಿದ್ದು ಹೀಗೆ: “ಆ ಗರಗಸ, ಉಳಿ ಎಲ್ಲ ಮರೆಗೆ ಸರಿಸಿ. ಗಿಟಾರು ಅಟ್ಟದ ಮೇಲಿರಲಿ. ನಮ್ಮ ವಂಶದಲ್ಲಿ ಬಡಗಿಗಳು ಯಾರೂ ಇರಲಿಲ್ಲ.” ಉಪಕರಣಗಳ ಮೇಲೆ ಹಳೆಯ ಸೀರೆ ಹೊದಿಸಲಾಯಿತು. ವಾದ್ಯ ಅಟ್ಟ ಹತ್ತಿತು. ಆ ಮಗು ಎದುರಾಡಲಿಲ್ಲ. ಅವಳು ಆಡದ ಮಾತನ್ನು ನಾನು ಆಡುತ್ತಿದ್ದೇನೆ.

ಮೊದಲು ಅವಳು ಮಾಡಿದ್ದೇನೆಂಬುದನ್ನು ತಿಳಿಯೋಣ. ಬಾಸ್ ಗಿಟಾರ್ ಎಂಬುದು ವಾದ್ಯವೃಂದದ ತಳಪಾಯದ ಧ್ವನಿ. ಸಾಮಾನ್ಯವಾಗಿ ಅದಕ್ಕೆ ನಾಲ್ಕು ತಂತಿಗಳು. ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ, ಅತಿ ತೆಳ್ಳನೆಯದು 98 ಬಾರಿ ಕಂಪಿಸುತ್ತದೆ. ಅದರ ಅಂಗಗಳನ್ನು ನಮ್ಮ ವೀಣೆಯ ಮಾತಿನಲ್ಲೇ ಹೇಳಬಹುದು: ದಂಡಿ, ಮೇರು, ಮೆಟ್ಟಿಲು, ಕುದುರೆ, ಬಿರಡೆ. ವೀಣೆಯ ಕೊಡ ಮಾತ್ರ ಇದಕ್ಕಿಲ್ಲ. ಅದರ ಬದಲು ಟೊಳ್ಳಿಲ್ಲದ ಗಟ್ಟಿಮರದ ಒಡಲು, ಆ ಒಡಲಿನಲ್ಲಿ ತಂತಿಗಳ ಕೆಳಗೆ ಪಿಕಪ್ ಎಂಬ ಅಯಸ್ಕಾಂತದ ಸುರುಳಿ.

ಮೆಟ್ಟಿಲುಗಳಿಂದ ಆರಂಭಿಸುತ್ತೇನೆ. ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 34 ಅಂಗುಲ, ಅಂದರೆ 863.6 ಮಿಲಿಮೀಟರ್. ಹನ್ನೆರಡನೆಯ ಮೆಟ್ಟಿಲಿನಲ್ಲಿ ಅದು ಸರಿಯಾಗಿ ಅರ್ಧವಾಗಬೇಕು; ಆಗಲೇ ಸ್ವರ ಮೇಲಿನ ಸ್ಥಾಯಿಗೆ ಏರುತ್ತದೆ. ನಡುವಿನ ಹನ್ನೆರಡು ಏರಿಕೆಗಳೂ ಸಮವಾಗಿರಬೇಕಾದರೆ ಪ್ರತಿಯೊಂದು ಮೆಟ್ಟಿಲಿಗೂ ಕಂಪನಸಂಖ್ಯೆ ಎರಡರ ಹನ್ನೆರಡನೆಯ ಮೂಲದಿಂದ, ಅಂದರೆ ಸುಮಾರು 1.0595ರಿಂದ, ಗುಣಿತವಾಗಬೇಕು. ಲೆಕ್ಕ ಬಿಡಿಸಿದರೆ, ಉಳಿದ ಉದ್ದವನ್ನು ಪ್ರತಿ ಸಲವೂ 17.817ರಿಂದ ಭಾಗಿಸುತ್ತ ಹೋಗಬೇಕೆಂದು ಸಿದ್ಧವಾಗುತ್ತದೆ. ಮೊದಲ ಮೆಟ್ಟಿಲು ಮೇರುವಿನಿಂದ 48.47 ಮಿ.ಮೀ. ದೂರದಲ್ಲಿ, ಎರಡನೆಯದು ಅಲ್ಲಿಂದ 45.75, ಇಪ್ಪತ್ತನೆಯದಕ್ಕೆ ಬರುವಾಗ ಅಂತರ ಬರಿಯ 16 ಚಿಲ್ಲರೆ. ಇದು ಗುಣೋತ್ತರ ಶ್ರೇಢಿ. ನನ್ನ ತರಗತಿಯ ಹಿಂದಿನ ಬೆಂಚಿನಿಂದ “ಇದರಿಂದ ಏನು ಉಪಯೋಗ ಸಾರ್?” ಎಂದು ಕೇಳುತ್ತಿದ್ದ ಮಹನೀಯರಲ್ಲಿ ಕೆಲವರು ಈಗ ದೊಡ್ಡ ಹುದ್ದೆಗಳಲ್ಲಿದ್ದಾರೆ. ಉತ್ತರ ಈಗ ಅಟ್ಟದ ಮೇಲಿದೆ, ಹೋಗಿ ನೋಡಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಅಳೆಯುತ್ತ ಹೋದರೆ ಪ್ರತಿ ಅಳತೆಯ ಸಣ್ಣ ದೋಷವೂ ಮುಂದಿನದಕ್ಕೆ ಸೇರುತ್ತದೆ. ಇಪ್ಪತ್ತನೆಯ ಮೆಟ್ಟಿಲಿನ ಹೊತ್ತಿಗೆ ದೋಷಗಳ ರಾಶಿಯೇ ಆಗಬಹುದು. ಆದ್ದರಿಂದ ಪ್ರತಿಯೊಂದನ್ನೂ ಮೇರುವಿನಿಂದಲೇ ಅಳೆಯಬೇಕು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ಹಿಡಿಯದ ಈ ಪಾಠ, ಒಂದು ಬೀಟೆಯ ಪಟ್ಟಿ ಹಾಳಾಗುವ ಭಯವಿದ್ದಾಗ ಒಂದೇ ಸಂಜೆಯಲ್ಲಿ ಹಿಡಿಯುತ್ತದೆ. ವೀಣೆಯ ಇಪ್ಪತ್ತನಾಲ್ಕು ಹಿತ್ತಾಳೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಮೇಳ ಕಟ್ಟುವವನು ಕಿವಿಗೊಟ್ಟು ಕೇಳಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಶ್ರುತಿಗೆ ತರುತ್ತಾನೆ. ಬಾಸ್ ಗಿಟಾರಿನಲ್ಲಿ ಆ ದಯೆಯಿಲ್ಲ. ಹಲಗೆಯಲ್ಲಿ ಸಣ್ಣ ಗರಗಸದಿಂದ ಗಾಡಿ ಕೊಯ್ದು ಲೋಹದ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಕೊಯ್ದದ್ದು ಕೊಯ್ದಂತೆಯೇ. ಅಲ್ಲಿ ಕಿವಿ ಮಾಡುವ ಕೆಲಸವನ್ನು ಇಲ್ಲಿ ಗಣಿತ ಮೊದಲೇ ಮಾಡಿ ಮುಗಿಸಿರಬೇಕು.

ಇನ್ನು ಬಲದ ಮಾತು. ನಾಲ್ಕು ತಂತಿಗಳನ್ನು ಶ್ರುತಿಗೆ ಬಿಗಿದಾಗ ಒಟ್ಟು ಸೆಳೆತ ಸುಮಾರು 70ರಿಂದ 80 ಕಿಲೋ ತೂಕಕ್ಕೆ ಸಮ. ಒಬ್ಬ ಪ್ರಾಯದ ಮನುಷ್ಯ ಹಗಲಿರುಳು ಆ ದಂಡಿಯನ್ನು ಜಗ್ಗುತ್ತಿದ್ದಂತೆ. ಯಾವ ಮರವಾದರೂ ಕ್ರಮೇಣ ಬಿಲ್ಲಾಗುತ್ತದೆ. ಅದಕ್ಕಾಗಿ ದಂಡಿಯೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿ, ತಿರುಪಿನಿಂದ ಎದುರು ಬಲ ಕೊಡುತ್ತಾರೆ. ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ ಎಂಬಾತ ಇಂತಹ ಹೊಂದಿಸಬಲ್ಲ ಸರಳಿಗೆ 1923ರಲ್ಲಿ ಪೇಟೆಂಟ್ ಪಡೆದ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದು, ಬೇಸಗೆಯಲ್ಲಿ ಕುಗ್ಗುವುದು, ಎಳೆಯ ದಿಕ್ಕಿಗೆ ಒಂದು ಗುಣ, ಅಡ್ಡಕ್ಕೆ ಇನ್ನೊಂದು ಗುಣ ತೋರುವುದು ಇವೆಲ್ಲವನ್ನೂ ಆ ಹುಡುಗಿ ಉಜ್ಜುಗೊರಡಿನ ಕೆಳಗೆ ಕಲಿತಳು.

ವಿದ್ಯುತ್ತಿನ ಭಾಗ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಪಿಕಪ್ ಅಷ್ಟೇ: ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿ, ಸುಮಾರು ಹತ್ತು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಕಾಂತಕ್ಷೇತ್ರ ನಡುಗುತ್ತದೆ, ಆ ನಡುಕವೇ ವಿದ್ಯುತ್ತಾಗಿ ಧ್ವನಿವರ್ಧಕಕ್ಕೆ ಹೋಗುತ್ತದೆ. ಹಿತ್ತಾಳೆಯ ತಂತಿ ಕಟ್ಟಿ ನೋಡಿ, ಈ ವಾದ್ಯ ಹೆಚ್ಚುಕಡಮೆ ಮೂಕವಾಗುತ್ತದೆ. ನಮ್ಮ ಹುಡುಗಿ ಹೊಲಿಗೆಯಂತ್ರದ ಮೋಟಾರಿಗೆ ಸುರುಳಿಯನ್ನು ಸಿಕ್ಕಿಸಿ ಸುತ್ತಿದಳು. ಮೂರು ಸಲ ತಂತಿ ಹರಿಯಿತು, ನಾಲ್ಕನೆಯ ಸಲ ನಿಂತಿತು. ಆಮೇಲೆ ಗುಂಯ್ ಎಂಬ ಸದ್ದಿನ ಕಾಟ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ದಪ್ಪ ತಂತಿಯ ಮೂರನೆಯ ಮೆಟ್ಟಿಲಿನ ಸ್ವರ 49. ಗೋಡೆಯೊಳಗಿನ ವಿದ್ಯುತ್ತು ಸ್ವರದ ಪಕ್ಕದಲ್ಲೇ ಕುಳಿತು ಅಪಶ್ರುತಿ ಹಾಡುತ್ತದೆ! ಇದಕ್ಕೆ ಪರಿಹಾರ, ಸುರುಳಿಯನ್ನು ಎರಡು ಭಾಗ ಮಾಡಿ, ಗೋಡೆಯ ಸದ್ದು ಪರಸ್ಪರ ವಿರುದ್ಧವಾಗಿ ಬಂದು ಅಳಿಸಿಹೋಗುವಂತೆಯೂ, ತಂತಿಯ ನಾದ ಉಳಿಯುವಂತೆಯೂ ಜೋಡಿಸುವುದು. ಅಮೆರಿಕದ ಫೆಂಡರ್ ಕಂಪನಿ ತನ್ನ ಬಾಸ್ ಗಿಟಾರಿಗೆ ಇಂತಹ ಇಬ್ಭಾಗದ ಪಿಕಪ್ಪನ್ನು 1957ರಲ್ಲಿ ಅಳವಡಿಸಿತು. ನಮ್ಮವಳು ಷೆಡ್ಡಿನಲ್ಲಿ ಅದನ್ನೇ ಮಾಡಿದಳು.

ವಿದ್ಯುತ್‌ಕಾಂತೀಯ ಪ್ರೇರಣೆಯ ನಿಯಮವನ್ನು ಬರೆದು ಎರಡು ಅಂಕ ಪಡೆದ ಮಗುವನ್ನು ನಾವು ಬುದ್ಧಿವಂತೆ ಎನ್ನುತ್ತೇವೆ. ಅದೇ ನಿಯಮದಿಂದ ನಾದ ಹುಟ್ಟಿಸಿದ ಮಗುವಿನ ಉಪಕರಣಗಳಿಗೆ ಸೀರೆ ಹೊದಿಸುತ್ತೇವೆ. ಇದು ಯಾವ ನ್ಯಾಯ?

“ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಇಷ್ಟು ಪಾಡೇಕೆ?” ಎನ್ನುವವರಿಗೆ ಒಂದು ಮಾತು. ಅಂಗಡಿಯ ವಸ್ತುವೂ ಮೊದಲು ಯಾರದೋ ಕೊಠಡಿಯಲ್ಲಿ ಹುಟ್ಟಿದ್ದೇ. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಒಬ್ಬ ಸಂಗೀತದ ಮೇಷ್ಟ್ರು. ಆಳೆತ್ತರದ ಡಬಲ್ ಬಾಸ್ ಪಿಟೀಲನ್ನು ಹೊತ್ತು ತಿರುಗುವ ವಾದಕರ ಕಷ್ಟ ನೋಡಿ, ಕೊರಳಿಗೆ ತೂಗಿಕೊಳ್ಳಬಹುದಾದ, ಮೆಟ್ಟಿಲುಗಳಿರುವ ವಿದ್ಯುತ್ ಬಾಸನ್ನು 1930ರ ದಶಕದಲ್ಲೇ ಮಾಡಿದ. ಅದು ಹೆಚ್ಚು ಮಾರಾಟವಾಗಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಿಂದ ಪ್ರಿಸಿಷನ್ ಬಾಸ್ ಎಂಬ ಹೆಸರಿನಲ್ಲಿ ಲೋಕಕ್ಕೆ ಬಂದ ವಾದ್ಯವೇ ಇಂದಿನ ಬಾಸ್ ಗಿಟಾರುಗಳ ಮೂಲಮಾದರಿ. ಅದನ್ನು ರೂಪಿಸಿದ ಲಿಯೋ ಫೆಂಡರ್ ಓದಿದ್ದು ಲೆಕ್ಕಪತ್ರ ಶಾಸ್ತ್ರ, ಜೀವನಕ್ಕೆ ಮಾಡುತ್ತಿದ್ದುದು ರೇಡಿಯೋ ದುರಸ್ತಿ. ಗಿಟಾರ್ ನುಡಿಸಲು ಅವನಿಗೆ ಬರುತ್ತಲೇ ಇರಲಿಲ್ಲ!

ಇಂಗ್ಲೆಂಡಿನಲ್ಲಿ ಬಿಲ್ ವೈಮನ್ ಎಂಬ ತರುಣ, ಇನ್ನೂ ರೋಲಿಂಗ್ ಸ್ಟೋನ್ಸ್ ತಂಡ ಸೇರುವ ಮೊದಲು, 1961ರಲ್ಲಿ ಅಗ್ಗದ ಬಾಸ್ ಒಂದನ್ನು ಕೊಂಡು, ಅದರ ಒಡಲನ್ನು ಕೊಯ್ದು ಚಿಕ್ಕದು ಮಾಡಿದ. ಹೊಸ ಮೆಟ್ಟಿಲು ಹಾಕಲೆಂದು ಹಳೆಯವನ್ನು ಕಿತ್ತ. ಕಿತ್ತ ಮೇಲೆ ಕೇಳಿಬಂದ ನಾದವನ್ನು ಮೆಚ್ಚಿ ಹಾಗೆಯೇ ಬಿಟ್ಟ. ಮೆಟ್ಟಿಲಿಲ್ಲದ ಬಾಸ್ ಗಿಟಾರ್ ಹೀಗೆ ಒಬ್ಬನ ಮನೆಯ ಕೆಲಸದಿಂದ ಬಂತು. ಪಿಟೀಲಿನಂತೆ ಸ್ವರದಿಂದ ಸ್ವರಕ್ಕೆ ಜಾರುವ ಸೊಗಸು ಅದರದು.

ಬಾಸ್ ಅಲ್ಲದಿದ್ದರೂ ಇನ್ನೊಂದು ಗಿಟಾರಿನ ಕತೆಯನ್ನು ಹೇಳಲೇಬೇಕು. 1963ರಲ್ಲಿ ಲಂಡನ್ನಿನ ಹೊರವಲಯದಲ್ಲಿ ಹದಿನಾರು ವರ್ಷದ ಬ್ರಯಾನ್ ಮೇ, ಎಲೆಕ್ಟ್ರಾನಿಕ್ಸ್ ಬಲ್ಲ ತನ್ನ ತಂದೆ ಹೆರಾಲ್ಡ್ ಜೊತೆ ಸೇರಿ ಗಿಟಾರ್ ಕಟ್ಟತೊಡಗಿದ. ದಂಡಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿಯ ತುಂಡು. ಸ್ಪ್ರಿಂಗುಗಳು ಹಳೆಯ ಮೋಟಾರ್ ಸೈಕಲ್ಲಿನವು. ಮೆಟ್ಟಿಲುಗಳ ಗುರುತಿಗೆ ತಾಯಿಯ ಮುತ್ತುಚಿಪ್ಪಿನ ಗುಂಡಿಗಳು. ಸುಮಾರು ಎರಡು ವರ್ಷ ಹಿಡಿದ ಆ ವಾದ್ಯವನ್ನೇ ಆತ ಮುಂದೆ ಕ್ವೀನ್ ತಂಡದಲ್ಲಿ ಜೀವಮಾನವೆಲ್ಲ ನುಡಿಸಿದ. “ಹಾಗಾದರೆ ಓದು?” ಎಂದು ಕೇಳುವಿರಾ? ಆತ 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಖಗೋಳ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ. ಉಳಿ ಅವನ ಓದಿಗೆ ಅಡ್ಡ ಬರಲಿಲ್ಲ. ಆ ಮನೆಯಲ್ಲಿ ತಂದೆ ಮಗನ ಪಕ್ಕದಲ್ಲಿ ನಿಂತಿದ್ದ ಎಂಬುದನ್ನು ನಮ್ಮ ಹಿರಿಯರು ಗಮನಿಸಬೇಕು.

ಈಗ “ಪರದೇಶದ ವಾದ್ಯ, ಮಾಡುವುದಾದರೆ ವೀಣೆ ಮಾಡಲಿ” ಎಂಬ ಆಕ್ಷೇಪ. ಪಿಟೀಲು ಎಲ್ಲಿಯದು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮದಾಗಿಸಿದ್ದು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಏಕೆ? ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು. ಫೆಂಡರನ ಬಾಸ್ ಹುಟ್ಟಿದ್ದಕ್ಕೂ ಅರ್ಧ ಕಾರಣ ಅದೇ: ಗದ್ದಲದ ವಾದ್ಯಗಳ ನಡುವೆ ಡಬಲ್ ಬಾಸ್ ಕೇಳಿಸುತ್ತಿರಲಿಲ್ಲ. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನ ಕೀಲಿಗಳನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡರು. ಯು. ಶ್ರೀನಿವಾಸ್ ಎಂಟು ತಂತಿಯ ಮ್ಯಾಂಡೊಲಿನ್ನಿನ ಬದಲು ಐದು ತಂತಿಯ ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತವನ್ನು ನುಡಿಸಿದರು. ಇವರ ಕಚೇರಿಗಳಿಗೆ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದವರೇ ಇಂದು ವಾದ್ಯದ ಜಾತಕ ಕೇಳುತ್ತಿದ್ದಾರೆ.

“ವಂಶದಲ್ಲಿ ಬಡಗಿಗಳಿರಲಿಲ್ಲ” ಎಂಬ ಮಾತಿಗೆ ಬರುತ್ತೇನೆ. ಆ ಮಾತನ್ನಾಡಿದವರು ಕುಳಿತಿದ್ದ ಕುರ್ಚಿ, ಹುಟ್ಟಿದಾಗ ಮಲಗಿದ್ದ ತೊಟ್ಟಿಲು, ದಿನವೂ ನಮಸ್ಕರಿಸುವ ದೇವರ ಮಂಟಪ ಎಲ್ಲವನ್ನೂ ಬಡಗಿಯೇ ಮಾಡಿಕೊಟ್ಟಿದ್ದಾನೆ. ಚಿತ್ರಪಟದ ಸರಸ್ವತಿಯ ತೊಡೆಯ ಮೇಲೆ ವೀಣೆಯಿದೆ. ವೀಣೆ ಉಳಿಯಿಲ್ಲದೆ ಆಗುವುದಿಲ್ಲ. ಬಸವ ಜಯಂತಿಯಂದು ಕಾಯಕದ ಮೇಲೆ ಒಂದು ಗಂಟೆ ಭಾಷಣ ಮಾಡುತ್ತೇವೆ. ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಶರಣರ ಸಾಲಿನಲ್ಲಿ ಸಮನಾಗಿ ಕುಳಿತಿದ್ದರೆಂದು ಹೆಮ್ಮೆ ಪಡುತ್ತೇವೆ. ಆಯುಧಪೂಜೆಯ ದಿನ ಸುತ್ತಿಗೆಗೂ ಕುಂಕುಮ ಹಚ್ಚುತ್ತೇವೆ. ವರ್ಷದ ಒಂದು ದಿನ ಆಯುಧಕ್ಕೆ ಪೂಜೆ, ಉಳಿದ ದಿನ ಅದನ್ನು ಹಿಡಿದವನಿಗೆ ತಾತ್ಸಾರ. ಇದಕ್ಕೆ ಸಂಸ್ಕೃತಿಯೆಂದು ಹೆಸರಿಡಬೇಡಿ.

“ಹೆಣ್ಣು ಹುಡುಗಿ, ಕೈಗೆ ಪೆಟ್ಟಾದರೆ?” ಎಂದು ಕೇಳಿದವರೂ ಇದ್ದಾರೆ. ಒರಳುಕಲ್ಲು ತಿರುವಿದ, ಬಾವಿಯಿಂದ ನೀರು ಸೇದಿದ, ಒಲೆಯ ಮುಂದೆ ಬೆಂದ ಹೆಂಗಸರ ಕೈಗಳ ಬಗ್ಗೆ ಯಾರೂ ಈ ಕರುಣೆ ತೋರಿದ್ದನ್ನು ನಾನು ಕಾಣೆ. ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಮರ ಕೊರೆಯುವ ರೌಟರ್ ಯಂತ್ರ ಕ್ಷಣ ಮೈಮರೆತರೆ ಬೆರಳು ತೆಗೆಯುತ್ತದೆ. ಬೀಟೆಯ ಧೂಳು ಅನೇಕರಿಗೆ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು, ಸಡಿಲ ಬಟ್ಟೆ ಮತ್ತು ಬಿಟ್ಟ ಕೂದಲಿಗೆ ನಿಷೇಧ ಇವು ಕಡ್ಡಾಯ. ಕಾಳಜಿಯಿದ್ದವರು ಇವನ್ನು ತಂದುಕೊಡಬೇಕಿತ್ತು, ಸೀರೆ ಹೊದಿಸಬೇಕಿರಲಿಲ್ಲ.

ಇದರಿಂದ ಹಣ ಉಳಿಯುತ್ತದೆಂದೂ ನಾನು ವಾದಿಸುವುದಿಲ್ಲ. ಬಿರಡೆ, ಕುದುರೆ, ತಂತಿ, ಸರಳು, ಉಪಕರಣಗಳ ವೆಚ್ಚ ಕೂಡಿಸಿದರೆ ಅಂಗಡಿಯ ಸಾಧಾರಣ ವಾದ್ಯವೇ ಅಗ್ಗ. ಆದರೆ ಉಳಿತಾಯವೊಂದೇ ಅಳತೆಗೋಲಾದರೆ ಮನೆಯ ಮುಂದಿನ ರಂಗೋಲಿಯನ್ನೂ ಸ್ಟಿಕ್ಕರ್ ಮಾಡಿ ಅಂಟಿಸಬಹುದು. ಹಲವರು ಅಂಟಿಸಿಯೂ ಇದ್ದಾರೆ.

ಮರದ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ಪಶ್ಚಿಮ ಘಟ್ಟಗಳ ಬೀಟೆ ಜಗತ್ತಿನ ಗಿಟಾರುಗಳಿಗೆ ಬಹುಕಾಲದಿಂದ ಹೋಗಿದೆ. ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವಾಣಿಜ್ಯ 1992ರಲ್ಲಿ ನಿಷಿದ್ಧವಾಯಿತು. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ವ್ಯಾಪಾರವೂ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಬಂತು. ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ದೊರೆಯಿತು. ನೂರು ವರ್ಷ ಬೆಳೆದ ಮರದ ಬೆಲೆ ಲೋಕಕ್ಕೆ ತಡವಾಗಿ ತಿಳಿಯಿತು. ನಾವಾದರೋ ಅಜ್ಜಿಯರ ಬೀಟೆಯ ಮಂಚಗಳನ್ನು ಗುಜರಿಯವನಿಗೆ ಮೂರು ಕಾಸಿಗೆ ಕೊಟ್ಟು, ಪ್ರಮಾಣಪತ್ರದ ದಪ್ಪಕ್ಕೂ ಸಾಲದ ಹಲಗೆಯ ಮಂಚವನ್ನು ಕಂತಿನಲ್ಲಿ ಕೊಂಡಿದ್ದೇವೆ. ಒಂದೂ ಮರ ಕಡಿಯದೆ ಅದೇ ಬೀಟೆಗೆ ಮತ್ತೊಂದು ಆಯುಷ್ಯ ಕೊಟ್ಟ ಹುಡುಗಿಯಿಂದ ನಾವು ಕಲಿಯುವುದಿದೆ.

ಕೊನೆಯದಾಗಿ ನನ್ನ ವೃತ್ತಿಬಾಂಧವರಿಗೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂಬ ವಿಚಾರವನ್ನು ದೇಶದ ಮುಂದಿಟ್ಟರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಫಾರಸು ಮಾಡಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉದ್ದನೆಯ ಹೆಸರು ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕಲಿಯಲಿ ಎಂದಿತು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದೇ ಮಾತನ್ನು ಹೊಸ ಹೊಸ ಹೆಸರಿನಲ್ಲಿ ಹೇಳುತ್ತ ಬಂದಿದ್ದೇವೆ. ಆ ಪಿರಿಯಡ್ಡನ್ನು ಗಣಿತದ ಹೆಚ್ಚುವರಿ ತರಗತಿಗೆ ಕಸಿದುಕೊಳ್ಳುವ ಪದ್ಧತಿ ಮಾತ್ರ ಬದಲಾಗಿಲ್ಲ. ಕೈಯಿಂದ ಕಸಿದ ಆ ಗಂಟೆಯಲ್ಲೇ ನಿಜವಾದ ಗಣಿತವಿತ್ತು ಎಂಬುದನ್ನು ಮೇಲೆ ತೋರಿಸಿದ್ದೇನೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದರು ಹಿರಿಯರು. ಆ ಮುಕ್ಕಾಲಿನಲ್ಲಿ ಬೆರಳುಗಳಿಗೂ ಪಾಲಿದೆ.

ನನ್ನ ಶಿಷ್ಯರಲ್ಲಿ ಮುಖ್ಯೋಪಾಧ್ಯಾಯರಾದವರಿದ್ದೀರಿ, ಶಾಲೆಗಳ ಆಡಳಿತ ಮಂಡಲಿಗಳಲ್ಲಿರುವವರಿದ್ದೀರಿ. ವಾರಕ್ಕೆ ಎರಡು ಗಂಟೆ, ಒಂದು ಗಟ್ಟಿ ಮೇಜು, ನಾಲ್ಕು ಉಳಿ, ಒಂದು ಮೂಲೆಮಟ್ಟ, ಗೌರವಧನ ಕೊಟ್ಟು ಕರೆದ ಒಬ್ಬ ಊರಿನ ಆಚಾರಿ, ಇಷ್ಟನ್ನು ನಿಮ್ಮ ಶಾಲೆಗೆ ಕೊಡಿ. ಆಚಾರಿಗೆ ಕುರ್ಚಿ ಕೊಡುವುದನ್ನು ಮರೆಯಬೇಡಿ. ಮನೆಗಳಲ್ಲಿರುವವರು ಹಳೆಯ ಮಂಚವನ್ನೋ ಮುರಿದ ಬಾಗಿಲನ್ನೋ ಗುಜರಿಗೆ ಹಾಕುವ ಮುನ್ನ ಮಕ್ಕಳನ್ನು ಒಮ್ಮೆ ಕೇಳಿ, ಅದರಿಂದ ಏನು ಮಾಡುವೆಯೆಂದು. ಉತ್ತರ ಬಂದರೆ ಷೆಡ್ಡಿನಿಂದ ಕಾರನ್ನು ಹೊರಗೆ ನಿಲ್ಲಿಸಿ. ಕಾರಿಗೆ ಬಿಸಿಲು ತಾಗಿದರೆ ಅಂಥ ನಷ್ಟವೇನೂ ಇಲ್ಲ.